ಗೌರಿಯ ಮಗನ ಕೋಡು

ಟೆಕ್ಸಾಸಿನಲ್ಲಿ, ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನ ನಮ್ಮ ಮನೆಗೆ ನೀವು ಬಂದರೆ, ಚಪ್ಪಲಿ ಬಿಟ್ಟು ತಲೆ ಎತ್ತಿದ ಕೂಡಲೇ, ಬೇರೆಯವರ ಮನೆಗಳಲ್ಲಿ ದೇವರ ಪಟವೋ ಗಂಧದ ಹಾರ ಹಾಕಿದ ಹಿರಿಯರ ಫೋಟೋವೋ ಇರುವ ಜಾಗದಲ್ಲಿ, ಗೋಡೆಯುದ್ದಕ್ಕೂ ಕೈಚಾಚಿ ನಿಂತ ಜಿಂಕೆಯ ಜೋಡಿಕೋಡು ನಿಮ್ಮನ್ನು ಎದುರುಗೊಳ್ಳುತ್ತದೆ. ಅದರ ಒಂದು ಕವಲಿಗೆ ಮಗಳ ಕಾರಿನ ಕೀ, ಇನ್ನೊಂದಕ್ಕೆ ಗಂಡನ ಆಫೀಸಿನ ಬ್ಯಾಡ್ಜು, ಕೈಗೆಟುಕುವ ಮತ್ತೊಂದಕ್ಕೆ ಅತ್ತೆಯವರ ಮಂಕಿ ಟೋಪಿ (ಟೆಕ್ಸಾಸಿನ ಚಳಿಗಲ್ಲ, ಟೆಕ್ಸಾಸಿನ ಏಸಿಗೆ), ಹೀಗೆ ಮನೆಮಂದಿಯೆಲ್ಲ ಅದನ್ನು ಹಿಸ್ಸೆ ಮಾಡಿಕೊಂಡಂತೆ ಹಂಚಿಕೊಂಡಿದ್ದಾರೆ. ಬಲಗೋಡಿನಲ್ಲಿ ಮಿಕ್ಕ ಕವಲುಗಳೆಲ್ಲ ಮೇಲಕ್ಕೆ ಎದ್ದಿದ್ದರೆ ಒಂದು ಮಾತ್ರ ಕೆಳಮುಖವಾಗಿ ಇಳಿದು, ಹೆಬ್ಬೆರಳಿನಷ್ಟಾಗುವ ಹೊತ್ತಿಗೆ ಮೋಟಾಗಿ ನಿಂತುಬಿಟ್ಟಿದೆ. ಆ ಮೋಟು ನನ್ನ ಪಾಲು. ಕೆಂಪು ದಾರ ಕಟ್ಟಿದ ಒಂದು ಬೀಗದಕೈ ಅದರಲ್ಲಿ ತೂಗುತ್ತಿರುತ್ತದೆ.

ಬಂದವರು ಕೇಳುವುದು ಎರಡೇ ಪ್ರಶ್ನೆ. ಇದನ್ನು ಎಲ್ಲಿ ಕೊಂಡಿರಿ ಎಂಬುದು ಒಂದು, ಇದೊಂದು ಯಾಕೆ ಮುರಿದಿದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ, ಕೊಂಡದ್ದಲ್ಲ, ನಾವೇ ಬೆಳೆಸಿದ್ದು ಎನ್ನುತ್ತೇನೆ. ಹಾಗೆನ್ನುವಾಗ ನನ್ನ ದನಿ ಅಗತ್ಯಕ್ಕಿಂತ ಸ್ವಲ್ಪ ಏರುತ್ತದೆಂದು ಮಗಳ ದೂರು. ಎರಡನೆಯದನ್ನು ಕೇಳಿದರೆ ಸುಮ್ಮನೆ ಅತ್ತೆಯವರ ಮುಖ ನೋಡುತ್ತೇನೆ. ಅವರು ಆಗ ಕಿಟಕಿಯ ಆಚೆಗೆ ನೋಡುತ್ತಾರೆ.

ನಮ್ಮ ಭಾಷೆಯಲ್ಲಿ ಕೊಂಬಿಗೆ ಅಷ್ಟೇನೂ ಒಳ್ಳೆಯ ಹೆಸರಿಲ್ಲ. ಯಾರಾದರೂ ತುಸು ಬೀಗಿದರೆ ಅವಳಿಗೇನು ಕೊಂಬು ಬಂದಿದೆಯೇ ಎಂದು ಮೂಗು ಮುರಿಯುತ್ತೇವೆ; ಹೊಗಳಿಕೆ ಕೇಳಿ ಹಿಗ್ಗಿದವಳನ್ನು ಕಂಡರೆ ಕೋಡು ಮೂಡಿತು ನೋಡು ಎನ್ನುತ್ತೇವೆ. ಮೈಸೂರಿನಲ್ಲಿ ಚಿಕ್ಕವಳಿದ್ದಾಗ ಈ ಮಾತನ್ನು ನಾನು ಎಷ್ಟು ಸಲ ಕೇಳಿಸಿಕೊಂಡೆನೆಂದರೆ, ಯಾರೂ ಇಲ್ಲದಾಗ ಕನ್ನಡಿಯ ಮುಂದೆ ನೆತ್ತಿ ತಡವಿ ನೋಡಿಕೊಂಡದ್ದೂ ಉಂಟು. ಆ ಹುಡುಗಿ ಪಶುವೈದ್ಯೆಯಾಗಿ, ಸಮುದ್ರ ದಾಟಿ, ಆಸ್ಟಿನ್ನಿನಲ್ಲಿ ವರ್ಷಾನುಗಟ್ಟಲೆ ನಾಯಿಬೆಕ್ಕುಗಳ ಹಲ್ಲು ತೊಳೆದು, ಕಡೆಗೆ ಕೊಂಬು ಬೆಳೆಸುವುದನ್ನೇ ಕಸುಬು ಮಾಡಿಕೊಳ್ಳುತ್ತಾಳೆಂದು ಯಾರು ಕಂಡಿದ್ದರು! ಆಗ ಮೂಗು ಮುರಿದವರೆಲ್ಲ ಈಗ ಫೋನಿನಲ್ಲಿ ಕೋಡಿನ ಫೋಟೋ ಕೇಳುತ್ತಾರೆ, ನಾನು ಸಂಕೋಚವಿಲ್ಲದೆ ಕಳಿಸುತ್ತೇನೆ.

ಜಿಂಕೆ ಎಂದಾಗ ನಿಮ್ಮ ಕಣ್ಣಿಗೆ ಬರುವ ಚುಕ್ಕೆಜಿಂಕೆಯಲ್ಲ ಇದು. ಇಲ್ಲಿನ ಬಿಳಿಬಾಲದ ಜಿಂಕೆ. ಓಡುವಾಗ ಬಾಲ ಎತ್ತಿತೆಂದರೆ ಅದರ ಒಳಮೈಯ ಬಿಳುಪು ಕರವಸ್ತ್ರ ಬೀಸಿದ ಹಾಗೆ ಕಾಣುತ್ತದೆ. ಗಂಡಿಗೆ (ಇಲ್ಲಿಯವರ ಬಾಯಲ್ಲಿ ಬಕ್) ಮಾತ್ರ ಕೋಡು, ಅದೂ ಹಸುವಿನ ಕೊಂಬಿನಂತೆ ಹುಟ್ಟಿದ್ದು ಸಾಯುವತನಕ ಇರುವಂಥದ್ದಲ್ಲ. ವಸಂತದಲ್ಲಿ ತಲೆಯಿಂದ ಎರಡು ಮೊಗ್ಗು ಏಳುತ್ತವೆ. ಮಖಮಲ್ಲಿನಂಥ ಚರ್ಮ ಹೊದ್ದು, ಮುಟ್ಟಿದರೆ ಜ್ವರ ಬಂದ ಮಗುವಿನ ಹಣೆಯಷ್ಟು ಬಿಸಿಯಾಗಿ, ಬೇಸಿಗೆಯುದ್ದಕ್ಕೂ ಕಣ್ಣೆದುರೇ ಕವಲೊಡೆಯುತ್ತವೆ. ಬಿಸಿಲು ಇಳಿಯುವ ಕಾಲಕ್ಕೆ ಒಳಗಿನ ಮೂಳೆ ಗಟ್ಟಿಯಾಗುತ್ತದೆ, ಜಿಂಕೆ ಮರಕ್ಕೆ ಬೇಲಿಗೆ ಉಜ್ಜಿ ಉಜ್ಜಿ ಆ ಮಖಮಲ್ಲನ್ನು ಕಳಚಿಹಾಕುತ್ತದೆ. ಚಳಿಗಾಲ ಮುಗಿಯುವಷ್ಟರಲ್ಲಿ ಇಡೀ ಕೋಡೇ ಬುಡಸಮೇತ ಉದುರಿ ಹುಲ್ಲಿನಲ್ಲಿ ಬಿದ್ದಿರುತ್ತದೆ. ಮರುವರ್ಷ ಮತ್ತೆ ಮೊದಲಿನಿಂದ. ಇಷ್ಟು ಶ್ರಮದಿಂದ ಕಟ್ಟಿದ ಕಿರೀಟವನ್ನು ಪ್ರತಿ ವರ್ಷ ಬೀಳಿಸಿ ಬರಿದಲೆಯಲ್ಲಿ ನಡೆದುಹೋಗುವ ಪ್ರಾಣಿಯನ್ನು ನೋಡಿದಾಗ, ಹಳೆಯ ಪದವಿಯ ಗುಂಗಿನಲ್ಲೇ ಬದುಕುವ ನಮ್ಮ ಕೆಲವು ನಿವೃತ್ತ ಅಂಕಲ್‌ಗಳು ನನಗೆ ನೆನಪಾಗುತ್ತಾರೆ.

ಈ ನಾಡಿನಲ್ಲಿ ಆ ಕೋಡಿನ ಮೇಲೆ ಅಪಾರ ಮೋಹ. ಎತ್ತರದ ಬೇಲಿ ಹಾಕಿ, ಸರ್ಕಾರದ ಅನುಮತಿ ಪಡೆದು, ಕಿವಿಗೆ ಬಿಲ್ಲೆ ಚುಚ್ಚಿ, ಊರಿನಲ್ಲಿ ಹಸುಗಳಿಗೆ ಮಾಡಿಸುವ ಹಾಗೆಯೇ ಶೈತ್ಯದಲ್ಲಿಟ್ಟ ವೀರ್ಯದ ಸ್ಟ್ರಾ ತರಿಸಿ ಗರ್ಭ ಕಟ್ಟಿಸಿ, ತಲೆಮಾರಿನಿಂದ ತಲೆಮಾರಿಗೆ ಕೋಡನ್ನು ಹಿಗ್ಗಿಸುವುದೇ ಒಂದು ಉದ್ಯಮ. ನಿಮ್ಮ ನಾಲಗೆಯ ತುದಿಗೆ ಬಂದಿರುವ ಪ್ರಶ್ನೆ ನನಗೆ ಗೊತ್ತು. ಹ್ಯೂಸ್ಟನ್ನಿನ ಪ್ರತಿ ಯುಗಾದಿ ಊಟದ ಪಂಕ್ತಿಯಲ್ಲೂ ಯಾರಾದರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಅದನ್ನು ಕೇಳುತ್ತಾರೆ. ಹೌದು, ಈ ಕೋಡುಗಳ ಹಿಂದೆ ಹಣ ಕೊಟ್ಟವರು ಬೇಲಿಯೊಳಗೇ ಜಿಂಕೆ ಹೊಡೆಯುವ ಬೇಟೆಯ ರಾಂಚುಗಳಿವೆ. ನಾನು ಮಾರುವುದು ತಳಿಯ ಹೆಣ್ಣುಗಳನ್ನು, ನನ್ನ ಅಂಗಳದ ಗಂಡುಗಳು ಮುದಿಯಾಗಿ ನನ್ನ ಅಂಗಳದಲ್ಲೇ ಸಾಯುತ್ತವೆ. ಆದರೆ ಮಾರಿದ ಹೆಣ್ಣಿನ ಮೊಮ್ಮಗ ಎಲ್ಲಿ ಹೋದಾನು ಎಂಬುದು ನನ್ನ ಕೈಯಲ್ಲಿಲ್ಲ, ಅದು ಗೊತ್ತಿಲ್ಲದವಳಂತೆ ನಟಿಸುವುದೂ ಇಲ್ಲ. ನಟಿಸದಿದ್ದರೆ ಊಟ ರುಚಿಸುತ್ತದೆಯೇ ಎಂದರೆ, ಕೆಲವು ದಿನ ರುಚಿಸುವುದಿಲ್ಲ.

ಈ ಕಸುಬಿಗೆ ಇಳಿದ ಹೊಸತರಲ್ಲಿ ನನ್ನನ್ನು ಕೆರಳಿಸಿದ ಸಂಗತಿಯೇ ಬೇರೆ. ಹರಾಜಿನ ಪುಸ್ತಕ ತೆರೆದರೆ ಪುಟದ ತುಂಬ ಗಂಡುಗಳು. ಒಂದೊಂದಕ್ಕೂ ಗುಡುಗು, ಸಿಡಿಲು, ಚಕ್ರವರ್ತಿ ಎಂಬರ್ಥದ ಹೆಸರು, ಮದುವೆಯ ಗಂಡಿನ ಫೋಟೋದಂತೆ ಎದೆ ಸೆಟೆಸಿ ನಿಂತ ಭಂಗಿ. ಅದರಪ್ಪ ಯಾರು, ಅಜ್ಜ ಯಾರು, ಮುತ್ತಜ್ಜನ ಕೋಡು ಎಷ್ಟು ಇಂಚಿತ್ತು ಎಂಬ ವಂಶಾವಳಿ. ತಾಯಿ? ಅವಳು ಅಡಿಯಲ್ಲೆಲ್ಲೋ ಸಣ್ಣಕ್ಷರದಲ್ಲಿ, ಒಂದು ಬಣ್ಣ ಮತ್ತು ಒಂದು ನಂಬರು. ಕಿವಿಯ ಬಿಲ್ಲೆಯ ಬಣ್ಣವೇ ಅವಳ ಹೆಸರು, ನಂಬರೇ ಮನೆತನ. ಕೋಡಿನ ಅರ್ಧ ಅವಳದ್ದು ಎಂದು ಶಾಲೆಯ ಮಕ್ಕಳಿಗೂ ಗೊತ್ತಿರುವ ಕಾಲದಲ್ಲಿ, ತಲೆಯ ಮೇಲೆ ತೋರಿಸಲು ಏನೂ ಇಲ್ಲದ ಕಾರಣಕ್ಕೆ ಅವಳು ಲೆಕ್ಕಕ್ಕೇ ಇಲ್ಲ. ಇದನ್ನು ಓದಿ ನನಗೆ ಬಂದ ಸಿಟ್ಟಿಗೆ ಜಿಂಕೆಗಳಷ್ಟೇ ಕಾರಣವಾಗಿರಲಿಲ್ಲ.

ಆ ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ. ನಮ್ಮ ಅತ್ತೆ ಧಾರವಾಡದವರು, ಗಟ್ಟಿ ಹೆಂಗಸು, ಮಾತಿನಲ್ಲಿ ಅವರನ್ನು ಗೆದ್ದವರನ್ನು ನಾನು ಕಂಡಿಲ್ಲ. ಅವರ ಪ್ರಕಾರ ಮೊಮ್ಮಗಳು ಮೇಘನಾಳ ಗಣಿತ ಅವರ ಯಜಮಾನರದ್ದು, ಮೂಗು ಅವರ ನಾದಿನಿಯದ್ದು, ಉದ್ದ ಬೆರಳುಗಳು ಮುತ್ತಜ್ಜನವು. ಹಠ ಮಾತ್ರ ನನ್ನದು. "ನಮ್ಮ ಮನೆತನದಾಗ ಎಲ್ಲಾರೂ ಲೆಕ್ಕದಾಗ ಹುಷಾರವಾ, ಇಕಿಗೆ ಅದ ಬಂದದ," ಎಂದು ಅವರು ಮನೆಗೆ ಬಂದವರಿಗೆಲ್ಲ ಹೇಳುವಾಗ ನಾನು ಕಾಫಿ ಲೋಟ ಜೋಡಿಸುತ್ತ ನಿಂತಿರುತ್ತಿದ್ದೆ. "ಅಜ್ಜೀ, ಇಟ್ಸ್ ಫಿಫ್ಟಿ-ಫಿಫ್ಟಿ," ಎಂದು ಮೇಘನಾ ಕೂಗಿದರೆ, "ಹೌದಲ್ಲ, ಫಿಫ್ಟಿ ನಿಮ್ಮಜ್ಜಂದು, ಫಿಫ್ಟಿ ನಿಮ್ಮಪ್ಪಂದು," ಎಂದು ಅವರು ನಕ್ಕುಬಿಡುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆಮೇಲೆ ಲೋಟಗಳನ್ನು ಸ್ವಲ್ಪ ಜೋರಾಗಿ ತೊಳೆಯುತ್ತಿದ್ದೆ.

ಗೌರಿಯನ್ನು ನಾನು ತಂದದ್ದು ಗೌರಿಹಬ್ಬದ ಹಿಂದಿನ ದಿನ, ಆಸ್ಟಿನ್ನಿನಿಂದ ಹ್ಯೂಸ್ಟನ್ನಿನ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ಸಣ್ಣ ಫಾರಮ್ಮಿಗೆ. ಹಬ್ಬದ ನೆಪದಿಂದಲೇ ಆ ಹೆಸರು. ಹರಾಜಿನಲ್ಲಿ ಯಾರೂ ಕೈ ಎತ್ತದ ಗಿಡ್ಡ ಹೆಣ್ಣು, ಒಂದು ಕಿವಿ ಹರಿದಿತ್ತು. ಪಕ್ಕದ ರಾಂಚಿನ ವೇಡ್ ಎಂಬ ಮುದುಕ, ಈ ವಿದ್ಯೆಯಲ್ಲಿ ಎತ್ತಿದ ಕೈ, ಟೋಪಿಯ ಅಂಚನ್ನು ಹಿಂದಕ್ಕೆ ತಳ್ಳಿ ಅವಳನ್ನು ನೋಡಿ, ಹೆಣ್ಣು ಹೆಣ್ಣೇ, ಒಳ್ಳೆಯ ಅಪ್ಪನನ್ನು ಹುಡುಕು, ಮಿಕ್ಕದ್ದು ತಾನಾಗಿ ಆಗುತ್ತದೆ ಎಂದಿದ್ದ. ಆದರೆ ನಾನು ಅವಳ ಅಣ್ಣತಮ್ಮಂದಿರ ಕೋಡು ನೋಡಿದ್ದೆ. ಎಲ್ಲರ ಬಲಗೋಡಿನಲ್ಲೂ ಒಂದು ಕವಲು ಮೇಲೇಳುವ ಬದಲು ಕೆಳಗಿಳಿದಿತ್ತು. ಇಲ್ಲಿಯವರು ಅದನ್ನು ಡ್ರಾಪ್ ಟೈನ್ ಎನ್ನುತ್ತಾರೆ, ನಾನು ಇಳಿಗವಲು ಎನ್ನುತ್ತೇನೆ. ಅಪರೂಪದ್ದು, ಸಿಕ್ಕಿದರೆ ಕಣ್ಣಿಗೊತ್ತಿಕೊಳ್ಳುತ್ತಾರೆ. ಗೌರಿಯ ಮೊದಲ ಮಗನಿಗೂ ಅದು ಬಂತು. ಬೇರೊಂದು ತಂದೆಗೆ ಹುಟ್ಟಿದ ಎರಡನೆಯವನಿಗೂ ಬಂತು. ಇಬ್ಬರು ತಂದೆಯರಲ್ಲಿ ಒಬ್ಬನಿಗೂ ಅದು ಇರಲಿಲ್ಲ. ವೇಡ್ ಅದನ್ನು ಆಕಸ್ಮಿಕವೆಂದ. ಎಳೆಯ ಕೋಡುಗಳು, ಇಳಿಗವಲೂ ಅಂಗುಲದಷ್ಟೇ. ಅವನನ್ನು ಒಪ್ಪಿಸಲು ಅಷ್ಟು ಸಾಲದಾಗಿತ್ತು.

ಮೂರನೆಯವನು ವೇಡ್‌ನದೇ ಹೆಸರಾಂತ ಗಂಡಿನ ಮಗ. ಗೌರಿಯ ಮಗನಾದ್ದರಿಂದ ಅವನು ಗಣಪ. ವರ್ಷದಿಂದ ವರ್ಷಕ್ಕೆ ಅವನ ಕೋಡು ಹಿಗ್ಗುತ್ತ ಬಂದು, ಪ್ರಾಯಕ್ಕೆ ಬಂದ ಆ ಬೇಸಿಗೆಯಲ್ಲಿ ಅದು ಕವಲೊಡೆದ ಪರಿಯನ್ನು ನೋಡುವುದಕ್ಕಾಗಿಯೇ ನಾನು ದಿನವೂ ಮುಂಜಾನೆ ಕಾರು ಹತ್ತುತ್ತಿದ್ದೆ. ಅಗಲಕ್ಕೆ ಅಗಲ, ಎತ್ತರಕ್ಕೆ ಎತ್ತರ. ಬಲಗಡೆ, ಗೇಣುದ್ದಕ್ಕೂ ಮೀರಿ ಇಳಿದ, ತುದಿ ಗದೆಯಂತೆ ದಪ್ಪನಾದ ಆ ಇಳಿಗವಲು. ಗೌರಿಯ ಸಹಿ ಅದು. ಅಪ್ಪನ ಕಡೆಯಿಂದ ಬಂದದ್ದೆಂದು ವೇಡ್ ಹೇಳುವಂತಿಲ್ಲ, ಏಕೆಂದರೆ ಅಪ್ಪನ ಕೋಡು, ಅಂಥ ಕವಲಿಲ್ಲದೆ, ಅವನ ಮನೆಯ ಬೆಂಕಿಗೂಡಿನ ಮೇಲೆಯೇ ತೂಗುತ್ತಿತ್ತು. ಮಖಮಲ್ಲು ಕಳಚಿದ ಮೇಲೆ ಬರುವ ಶನಿವಾರ ತಾನೇ ಟೇಪು ಹಿಡಿದು ಅಳೆಯಲು ಬರುತ್ತೇನೆಂದು ಅವನು ಮಾತು ಕೊಟ್ಟ. ಅಳತೆ ಅವನ ಕೈಯದಾದರೆ ಸುತ್ತಲಿನ ರಾಂಚುಗಳವರೆಲ್ಲ ನಂಬುತ್ತಾರೆ, ಗೌರಿಯ ಹೆಣ್ಣುಮಕ್ಕಳಿಗೆ ಹೆಸರು ಬರುತ್ತದೆ. ನನಗೆ ನಿಜವಾಗಿಯೂ ಕೋಡು ಮೂಡಿತ್ತು.

ಹಾಗಿರುವಾಗ ಗಣೇಶನ ಹಬ್ಬದ ವಾರಾಂತ್ಯ ಬಂತು. ಡ್ಯಾಲಸ್ ಕಡೆಯಿಂದ, ಹ್ಯೂಸ್ಟನ್ನಿನಿಂದ ನಮ್ಮವರೆಲ್ಲ ಫಾರಮ್ಮು ನೋಡಲು ಬಂದರು. ಕಡುಬು, ಪುಳಿಯೋಗರೆ, ಬೇಲಿಯ ಪಕ್ಕ ಮಡಿಸುವ ಕುರ್ಚಿಗಳ ಸಾಲು. ಗಣಪ ದೂರದಲ್ಲಿ ರಾಜಗಾಂಭೀರ್ಯದಿಂದ ನಿಂತಿದ್ದ. ಅಬ್ಬಬ್ಬಾ ಎಂದವರೆಷ್ಟು, ಬೇಲಿಗೆ ಮುಖ ಒತ್ತಿ ಫೋಟೋ ಹಿಡಿದವರೆಷ್ಟು! ಯೂಲೆಸ್‌ನಿಂದ ಬಂದ ಒಬ್ಬ ಆಂಟಿಯಂತೂ, "ಏನ್ರೀ ಇದು ಸುಮಿತ್ರಾ, ನಮ್ಮನೆ ಕ್ರಿಸ್‌ಮಸ್ ಟ್ರೀಗಿಂತ ದೊಡ್ಡದಿದೆಯಲ್ಲ!" ಎಂದು ಕಣ್ಣರಳಿಸಿ ನೋಡಿದ್ದೇ ನೋಡಿದ್ದು. ನಾನು ಆ ಮೆಚ್ಚುಗೆಯಲ್ಲಿ ಮಿಂದೆ. ಅತ್ತೆಯವರು ಮಾತ್ರ ಯಾರು ಎಷ್ಟು ಹೊತ್ತು ನೋಡಿದರೆಂದು ಕುರ್ಚಿಯಲ್ಲಿ ಕುಳಿತೇ ಗಮನಿಸುತ್ತಿದ್ದರು.

ಭಾನುವಾರ ಸಂಜೆ ಎಲ್ಲರೂ ಹೊರಟರು. ನನ್ನ ಗಂಡ ಶ್ರೀಧರ ಸೋಮವಾರದ ಆಫೀಸಿಗೆಂದು ಡ್ಯಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್‌ಗೆ ಡ್ರೈವ್ ಮಾಡಿಕೊಂಡು ಹೋದ, ಮೇಘನಾ ಕಾಲೇಜಿಗೆ ಹೊರಟಳು. ಫಾರಮ್ಮಿನ ಪುಟ್ಟ ಮನೆಯಲ್ಲಿ ಉಳಿದವರು ನಾವಿಬ್ಬರು, ಅತ್ತೆ ಮತ್ತು ಸೊಸೆ. ನಾನು ಪಾತ್ರೆ ತೊಳೆಯುತ್ತಿರುವಾಗ ಅವರು ಇಂಡಿಯನ್ ಅಂಗಡಿಯಿಂದ ಮೊದಲೇ ತರಿಸಿಟ್ಟಿದ್ದ ಬೂದುಗುಂಬಳಕಾಯಿಯನ್ನು ಕಾರಿನಿಂದ ಇಳಿಸಿದ್ದಾರೆ. ಕುಂಕುಮದಿಂದ ನಾಲಗೆ, ಕಾಡಿಗೆಯಿಂದ ಕಣ್ಣು, ಮೀಸೆ. ಹೊಸ ಮನೆಯ ಮುಂದೆ ದೃಷ್ಟಿಗೆ ಕಟ್ಟುತ್ತಾರಲ್ಲ, ಅಂಥ ರಾಕ್ಷಸ. ಅದಕ್ಕೆ ಪ್ಲಾಸ್ಟಿಕ್ ಹಗ್ಗದ ಜೋಲಿ ಹೆಣೆದು ಗಣಪನ ಆವರಣದ ಗೇಟಿನ ಒಳಮಗ್ಗುಲಿಗೆ, ಜಿಂಕೆಯ ತಲೆಯೆತ್ತರಕ್ಕೆ ತೂಗಿಬಿಟ್ಟಿದ್ದಾರೆ. ಅಷ್ಟು ಮಂದಿಯ ಕಣ್ಣು ಬಿದ್ದ ಮೇಲೆ ಮನೆಯ ಹಿರಿಯಳಾದವಳು ಮಾಡಬೇಕಾದ ಕೆಲಸ ಅದು. ಹೇಳಿದರೆ ಸೊಸೆ ಬೇಡವೆಂದಾಳೆಂದು ಹೇಳದೆ ಮಾಡಿದರು.

ಮಖಮಲ್ಲು ಕಳಚಿದ ಗಂಡುಜಿಂಕೆಗೆ ತೂಗಾಡುವ ವಸ್ತು ಕಂಡರೆ ಸಾಕು, ಕೋಡಿನಿಂದ ಕೆಣಕಲೇಬೇಕು. ತೂಗಾಡುವುದು ಸಾಲದೆಂದು ಇದಕ್ಕೆ ಕಣ್ಣು ಮೀಸೆ ಬೇರೆ. ಆ ರಾಕ್ಷಸನನ್ನು ಗಣಪ ಎದುರಾಳಿಯೆಂದುಕೊಂಡನೋ ಏನೋ, ನನಗೆ ಗೊತ್ತಾದದ್ದು ಬೆಳಗಿನ ಚಹಾಕ್ಕೆಂದು ಎದ್ದ ಅತ್ತೆ, "ಸುಮಿತ್ರಾ! ಹೊರಗ ಓಡಿ ಬಾರ! ಗಣಪ ಹಗ್ಗದಾಗ ಸಿಕ್ಕಾನ!" ಎಂದು ಕೂಗಿದಾಗ. ಹೋಗಿ ನೋಡುತ್ತೇನೆ, ಕುಂಬಳಕಾಯಿ ಚೂರುಚೂರು. ಹಗ್ಗ ಕೋಡಿನ ಕವಲುಗಳನ್ನೆಲ್ಲ ಸುತ್ತಿ ಗೇಟಿನ ಕಂಬಕ್ಕೆ ಬಿಗಿದುಕೊಂಡಿದೆ. ಅವನು ಹಿಂದಕ್ಕೆ ಜಗ್ಗುತ್ತಾನೆ, ಕುಪ್ಪಳಿಸುತ್ತಾನೆ, ಬೀಳುತ್ತಾನೆ, ಮತ್ತೆ ಏಳುತ್ತಾನೆ. ಇಂಥ ಹೊತ್ತಿನಲ್ಲಿ ಜಿಂಕೆಗೆ ಕತ್ತು ಮುರಿಯಬಹುದು, ಭಯಕ್ಕೇ ಎದೆ ಒಡೆಯಬಹುದು. ಅರಿವಳಿಕೆ ಕೊಟ್ಟರೆ ಟೆಕ್ಸಾಸಿನ ಬಿಸಿಲು ಏರುವುದರೊಳಗೆ ಎಬ್ಬಿಸಬೇಕು, ಇಲ್ಲವಾದರೆ ಏಳುವುದೇ ಇಲ್ಲ. ಒಳಗೆ ಓಡಿ, ಮದ್ದಿನ ಸೂಜಿ ಹಾರಿಸುವ ಡಾರ್ಟ್ ಗನ್ ತಂದು ಗುರಿಯಿಟ್ಟೆ.

ಅವನು ಕುಸಿದ ಮೇಲೆ ತಲೆಯನ್ನು ಎತ್ತಿ ಹಿಡಿಯಲು ಒಬ್ಬರು ಬೇಕು, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸಿ ಉಸಿರು ಕಟ್ಟುತ್ತದೆ. ಕೇಳುವ ಮೊದಲೇ ಅತ್ತೆ ಸೆರಗು ಸಿಕ್ಕಿಸಿ ಆ ಕುಂಬಳಕಾಯಿಯ ರೊಚ್ಚೆಯಲ್ಲೇ ಕಾಲು ಚಾಚಿ ಕುಳಿತರು. ಮೊಣಕಾಲು ನೋವೆಂದು ದೇವರ ಮನೆಯಲ್ಲೂ ಕುರ್ಚಿ ಹಾಕಿಸಿಕೊಳ್ಳುವವರು, ತಮ್ಮ ಶಾಲು ಒದ್ದೆ ಮಾಡಿ ಅವನ ಕಣ್ಣಿಗೆ ಕಟ್ಟಿ, ಆ ಭಾರದ ತಲೆಯನ್ನು ತೊಡೆಯ ಮೇಲೆ ಎತ್ತಿ ಹಿಡಿದರು. ನಾನು ಹಗ್ಗ ಕತ್ತರಿಸಿದೆ. ಗಂಡುಗಳು ಒಂದನ್ನೊಂದು ತಿವಿಯದಂತೆ ಮದದ ಕಾಲಕ್ಕೆ ಮುಂಚೆ ಹೇಗೂ ಕೊಯ್ಯಲೇಬೇಕಾದ ಕೋಡು, ಅದನ್ನೂ ಆಗಲೇ ಕೊಯ್ದೆ. ಗಟ್ಟಿಯಾದ ಮೇಲೆ ಅದರಲ್ಲಿ ಜೀವವಿರುವುದಿಲ್ಲ, ಉಗುರು ಕತ್ತರಿಸಿದಷ್ಟೇ. ಅತ್ತೆ ಬಾಯಲ್ಲಿ ಏನೋ ಸ್ತೋತ್ರ ಹೇಳುತ್ತಲೇ ಇದ್ದವರು ಒಮ್ಮೆ ನಿಲ್ಲಿಸಿ, "ಅಲ್ಲಿ ನೋಡ," ಎಂದರು. ನಡುಬೇಲಿಯ ಆಚೆ ಗೌರಿ ನಿಂತಿದ್ದಳು. ಮಿಕ್ಕ ಹೆಣ್ಣುಗಳೆಲ್ಲ ಮೂಲೆಗೆ ಓಡಿಹೋಗಿದ್ದವು. ಇವಳೊಬ್ಬಳೇ ಹರಿದ ಕಿವಿಯನ್ನು ನಮ್ಮ ಕಡೆ ತಿರುಗಿಸಿ, ಮುಂಗಾಲಿನಿಂದ ನೆಲವನ್ನು ಒದೆಯುತ್ತ, ಕಣ್ಣು ಕೀಳದೆ ನಿಂತಿದ್ದಳು. ಬೆಳೆದ ಮಗನನ್ನು ಜಿಂಕೆ ಗುರುತು ಇಟ್ಟುಕೊಳ್ಳುವುದಿಲ್ಲ, ಅಪಾಯ ಕಂಡರೆ ಹಾಗೆ ನೆಲ ಒದೆಯುವುದು ಅದರ ಸ್ವಭಾವ ಎಂಬುದು ನಾನು ಓದಿದ ವಿದ್ಯೆ. ಅತ್ತೆಗೆ ಅದನ್ನು ಹೇಳಲಿಲ್ಲ.

ಎಚ್ಚರದ ಮದ್ದು ಕೊಟ್ಟೆ. ಗಣಪ ತಲೆ ಕೊಡವಿ, ತೂರಾಡಿ, ಎದ್ದು, ಬೋಳುತಲೆಯಲ್ಲಿ ನೆರಳಿನ ಕಡೆಗೆ ನಡೆದ. ಆಮೇಲಷ್ಟೇ ನಾನು ಕೊಯ್ದ ಕೋಡಿನ ಕಡೆ ತಿರುಗಿ ನೋಡಿದ್ದು. ಎಲ್ಲ ಕವಲೂ ಇದ್ದವು, ಇಳಿಗವಲೊಂದು ಬಿಟ್ಟು. ಅದು ಕಂಬದ ಬುಡದಲ್ಲಿ ಬೀಜ ಸಿಪ್ಪೆಗಳ ನಡುವೆ ಪುಡಿಯಾಗಿ ಬಿದ್ದಿತ್ತು. ನನಗೆ ಅಳುವೂ ಬಂತು, ಕೆಟ್ಟ ಸಿಟ್ಟೂ ಬಂತು.

"ಅತ್ತೆ, ಒಂದು ಮಾತು ನನ್ನನ್ನ ಕೇಳಬಾರದಿತ್ತಾ? ಆ ಕವಲು ಅವರಮ್ಮನದೂಂತ ವೇಡ್‌ಗೆ ತೋರಿಸೋಕೆ ಎಷ್ಟು ವರ್ಷ ಕಾದಿದ್ದೆ ಗೊತ್ತಾ?" ಎಂದೆ.

ಕ್ಷಮೆ ಕೇಳುವುದು ಅವರ ಜಾಯಮಾನದಲ್ಲಿಲ್ಲ. ಸೀರೆಗೆ ಮೆತ್ತಿದ ಕುಂಬಳಬೀಜಗಳನ್ನು ಒಂದೊಂದಾಗಿ ಬಿಡಿಸುತ್ತ ಹೇಳಿದರು: "ನೋಡವಾ, ಅಷ್ಟೂ ಮಂದಿ ಕಣ್ಣು ಅವನ ಮ್ಯಾಲಿತ್ತು. ಜೀವಕ್ಕ ಬಂದಿದ್ದು ಒಂದು ಕವಲಿನ್ಯಾಗ ಹೋತು. ಮತ್ತ ಗಣಪ ಅಂತ ಹೆಸರಿಟ್ಟಾಕಿ ನೀನ ಅಲ್ಲೇನು? ಆ ಹೆಸರಿಟ್ಟ ಮ್ಯಾಲೆ ಒಂದು ಹಲ್ಲು ಮುರೀದ ಇರ್ತದೇನು?" ಆದರೆ ಫ್ಲೂಗರ್‌ವಿಲ್‌ಗೆ ಮರಳುವ ದಾರಿಯಲ್ಲಿ, ಮನೆ ಹತ್ತಿರ ಬಂದಾಗ, ಅವರೇ, "ಆ ಕವಲು ಅವರವ್ವಂದಂತ ಹೆಂಗ ಗೊತ್ತಾತು ನಿನಗ?" ಎಂದು ಕೇಳಿದರು. ಮನೆಯ ಮುಂದೆ ಕಾರು ನಿಲ್ಲಿಸಿಕೊಂಡು ನಾನು ಎಲ್ಲ ಹೇಳಿದೆ: ಗೌರಿಯ ಅಣ್ಣತಮ್ಮಂದಿರು, ಮೊದಲಿನ ಇಬ್ಬರು ಮಕ್ಕಳು, ಬೇರೆ ಬೇರೆ ತಂದೆಯರು, ಹರಾಜಿನ ಪುಸ್ತಕದ ಸಣ್ಣಕ್ಷರ. ಅವರು ಹೂಂಗುಟ್ಟುತ್ತ ಕೇಳಿದರು, ನಡುವೆ ಒಂದು ಸಲವೂ ತಮ್ಮ ಮನೆತನದ ಸುದ್ದಿ ತೆಗೆಯಲಿಲ್ಲ.

ಶನಿವಾರ ವೇಡ್ ಫಾರಮ್ಮಿಗೆ ಬಂದ. ಮೇಜಿನ ಮೇಲಿಟ್ಟ ಕೋಡನ್ನು ನೋಡಿ ಟೋಪಿ ತೆಗೆದ. ಸಾವಿನ ಮನೆಯಲ್ಲಷ್ಟೇ ಟೋಪಿ ತೆಗೆಯುವ ಮನುಷ್ಯ ಅವನು. ಟೇಪು ಹಿಡಿದು ಒಂದೊಂದು ಕವಲನ್ನೂ ಅಳೆದ. ಮುರಿದದ್ದನ್ನು ಇದ್ದಷ್ಟೇ ಲೆಕ್ಕ ಹಿಡಿಯಬೇಕು, ಇಲ್ಲದ್ದನ್ನು ಊಹಿಸುವಂತಿಲ್ಲ, ಅದು ನಿಯಮ. ಆದರೂ ಒಟ್ಟು ಕೂಡಿಸಿದಾಗ ಅವನ ಹುಬ್ಬು ಮೇಲೇರಿತು. ಅವನ ಗಂಡು ಪ್ರಾಯದಲ್ಲಿ ಕೊಟ್ಟ ಅಳತೆಯನ್ನು ಮಗ ಒಂದು ಕವಲು ಕಳೆದುಕೊಂಡೂ ದಾಟಿದ್ದ. ವೇಡ್ ಆ ಮೋಟಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದ. ಅದರ ದಪ್ಪ, ಅದು ಇಳಿದ ಬಾಗು, ಎಲ್ಲ ಬೆರಳಿಗೇ ತಿಳಿಯುತ್ತಿತ್ತು. ಕಡೆಗೆ, ಇದು ನನ್ನವನದಲ್ಲ ಎಂದ. ಅಷ್ಟು ಹೇಳಲು ಅವನಿಗೆ ಕಷ್ಟವಾಯಿತು, ಕೇಳಲು ನನಗೇನೂ ಕಷ್ಟವಾಗಲಿಲ್ಲ. ಅಷ್ಟಕ್ಕೇ ನಿಲ್ಲದೆ, ಗೌರಿಯ ಕಡೆಯ ಮಗಳನ್ನು ತನಗೆ ಕೊಡುವೆಯಾ, ತನ್ನ ಹೊಸ ಗಂಡಿಗೆ ಜೊತೆ ಮಾಡಬೇಕೆಂದಿದ್ದೇನೆ ಎಂದು ಕೇಳಿದ.

ನಮ್ಮ ಮಾತು ಅರ್ಥವಾಗದೆ ಕುಳಿತಿದ್ದ ಅತ್ತೆಗೆ ನಾನು, ಹೆಣ್ಣು ಕೇಳಲು ಬಂದಿದ್ದಾನೆ ಎಂದು ತಮಾಷೆಗೆ ಹೇಳಿದೆ. ಅವರು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಸೆರಗು ಸರಿಮಾಡಿಕೊಂಡು, ಅವನ ಮುಂದೆ ಒಂದು ತಟ್ಟೆ ಚೂಡಾ ಮತ್ತು ಚಹಾ ಇಟ್ಟು, ಎದುರು ಕುರ್ಚಿ ಎಳೆದುಕೊಂಡು ಕುಳಿತರು. ಧಾರವಾಡದಲ್ಲಿ ಎಷ್ಟು ಸಂಬಂಧ ಕುದುರಿಸಿದ ಹೆಂಗಸೋ! ವೇಡ್ ತನ್ನ ಫೋನಿನಲ್ಲಿ ಹೊಸ ಗಂಡಿನ ಚಿತ್ರ ತೋರಿಸಿದ, ಅಪ್ಪನ ಚಿತ್ರ ತೋರಿಸಿದ, ಅಜ್ಜನದನ್ನೂ ತೋರಿಸಿದ. ಅತ್ತೆ ಕನ್ನಡಕ ಏರಿಸಿ ಎಲ್ಲವನ್ನೂ ನೋಡಿ, ಫೋನನ್ನು ಮೆಲ್ಲಗೆ ಅವನ ಕಡೆಗೆ ಸರಿಸಿದರು.

"ಇದೆಲ್ಲಾ ಛಲೋನ ಅದ. ಅದರ ಅವ್ವ ಹೆಂಗಿದ್ದಳು ಕೇಳು," ಎಂದರು.

ನಾನು ಕೇಳಿದೆ. ವೇಡ್ ಫೋನಿನಲ್ಲಿ ಹಿಂದಕ್ಕೆ ಮುಂದಕ್ಕೆ ತಡಕಾಡಿದ. ಕೆಂಪು ಬಿಲ್ಲೆ, ಎಂದ; ನಂಬರು ನೆನಪಿಲ್ಲ ಎಂದ. ಅವಳನ್ನು ಮಾರಿ ಎಷ್ಟೋ ಕಾಲವಾಯಿತು, ನಿಜ ಹೇಳಬೇಕೆಂದರೆ ಸರಿಯಾಗಿ ನೋಡಿಯೇ ಇರಲಿಲ್ಲ ಎಂದ. ನಾನು ಅದನ್ನು ಕನ್ನಡಿಸುತ್ತಿದ್ದಂತೆ ಅತ್ತೆ ತಲೆ ಅಲ್ಲಾಡಿಸಿದರು. "ಅವ್ವ ಯಾರಂತ ಗೊತ್ತಿಲ್ಲದ ಮನಿಗೆ ನಮ್ಮ ಹುಡುಗೀನ ಹೆಂಗ ಕೊಡೋದು? ಮೊದಲ ತಿಳಕೊಂಡು ಬರಲಿ, ಆಮ್ಯಾಲೆ ಮಾತಾಡೋಣಂತ ಹೇಳು," ಎಂದರು. ನಾನು ಒಂದಕ್ಷರ ಬಿಡದೆ ಹೇಳಿದೆ. ಇಷ್ಟು ವರ್ಷ ಆ ಮುದುಕನಿಗೆ ನಾನು ಹೇಳಬೇಕೆಂದು ಹುಡುಕುತ್ತಿದ್ದ ಮಾತು ಅದು, ನನ್ನ ಅತ್ತೆಯ ಬಾಯಿಂದ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಹೊತ್ತು ಬಂದಿತ್ತು. ವೇಡ್ ನಕ್ಕ, ಚಹಾ ಮುಗಿಸಿದ, ಟೋಪಿ ಹಾಕಿಕೊಂಡು ಹೋದ. ಕೆಲವು ವಾರಗಳ ಮೇಲೆ ಎಲ್ಲೆಲ್ಲೋ ವಿಚಾರಿಸಿ, ಒಂದು ಹೆಣ್ಣುಜಿಂಕೆಯ ಮಸುಕಾದ ಫೋಟೋ ಸಂಪಾದಿಸಿಕೊಂಡು ಬಂದ. ಅತ್ತೆ ಅದನ್ನು ನೋಡಿ ಕಾಲು ಗಟ್ಟಿ ಅದಾವ ಎಂದು ಒಪ್ಪಿದ ಮೇಲೆಯೇ ನಮ್ಮ ಹುಡುಗಿ ಅವನ ಬೇಲಿ ಸೇರಿದ್ದು.

ಹೆಮ್ಮೆಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ, ಬೆಳಗಿನ ಹೊತ್ತು ಬೇಲಿಗೆ ಒರಗಿ ನಿಂತರೆ ಬೇರೇನೂ ಕೆಲಸವಿರುವುದಿಲ್ಲ. ಗಣಪನ ಕೋಡಿನ ಹೆಮ್ಮೆ ಕಣ್ಣಿಗೆ ಕಾಣುವಂಥದ್ದು, ಆದ್ದರಿಂದಲೇ ಅದಕ್ಕೆ ದೃಷ್ಟಿ ತಾಕೀತೆಂಬ ಭಯ, ಕುಂಬಳಕಾಯಿಯ ಕಾವಲು. ಅದು ಮುರಿಯುತ್ತದೆ, ಉದುರುತ್ತದೆ. ಗೌರಿಯದು ಬೇರೆ ಬಗೆ. ಅವಳ ನುಣುಪು ನೆತ್ತಿಯ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ, ಹಾಗಾಗಿ ಯಾರೂ ಅವಳಿಂದ ಏನನ್ನೂ ಮುರಿದುಕೊಳ್ಳಲಾರರು. ಪ್ರತಿ ಬೇಸಿಗೆಯೂ ಅವಳ ಒಬ್ಬ ಮಗನ ಬಲಗೋಡಿನಲ್ಲಿ ಆ ಇಳಿಗವಲು ಮತ್ತೆ ಇಳಿಯುತ್ತದೆ. ಗಣಪನಿಗೂ ಮರುವರ್ಷ ಬಂತು, ಮೊದಲಿಗಿಂತ ಉದ್ದ. ಅದನ್ನು ಕಂಡ ದಿನ ನನಗಾದ ಹೆಮ್ಮೆಯನ್ನು ನಾನು ಮುಚ್ಚಿಡಲಿಲ್ಲ, ಹ್ಯೂಸ್ಟನ್ನಿನವರೆಗೆ ಫೋನು ಹಚ್ಚಿ ಎಲ್ಲರಿಗೂ ಹೇಳಿದೆ. ಕೊಂಬು ಬಂದಿದೆಯೇ ಎಂದು ಯಾರಾದರೂ ಕೇಳಿದ್ದರೆ, ಬಂದಿದೆ, ಬಂದು ನೋಡಿ ಎನ್ನುತ್ತಿದ್ದೆ.

ಹಾಗೆಂದು ಅತ್ತೆ ಪೂರ್ತಿ ಬದಲಾದರೆಂದು ತಿಳಿಯಬೇಡಿ. ಮೇಘನಾಳ ಗಣಿತ ಇವತ್ತಿಗೂ ಧಾರವಾಡದ್ದೇ. ಆದರೆ ಆ ಮುರಿದ ಕೋಡನ್ನು ಎಸೆಯಬಾರದು, ಎದುರುಬಾಗಿಲಿಗೇ ಹಾಕಬೇಕೆಂದು ಹಠ ಹಿಡಿದವರು ಅವರೇ. ಮೋಟಿಗೆ ಫಾರಮ್ಮಿನ ಬೀಗದಕೈ ತೂಗುಹಾಕಿ, ಅದಕ್ಕೆ ಕೆಂಪು ದಾರ ಕಟ್ಟಿ, "ಇದು ನಿಂದು," ಎಂದವರೂ ಅವರೇ.

ಕಳೆದ ಭಾನುವಾರ ಯೂಲೆಸ್‌ನಿಂದ ಎಳೆಯ ಗಂಡಹೆಂಡಿರಿಬ್ಬರು ಊಟಕ್ಕೆ ಬಂದಿದ್ದರು, ಟೆಕ್ಸಾಸಿಗೆ ಹೊಸಬರು. ಹುಡುಗ ಚಪ್ಪಲಿ ಬಿಟ್ಟವನೇ ಕೋಡಿನ ಮುಂದೆ ಬೆರಗಾಗಿ ನಿಂತು, "ಯಾವ ಬಕ್‌ನ ಮಗ ಆಂಟಿ ಇದು? ಅಪ್ಪ ತುಂಬಾ ಫೇಮಸ್ ಇರಬೇಕಲ್ವಾ?" ಎಂದು ಕೇಳಿದ. ನಾನು ದನಿ ಏರಿಸಲು ಸಿದ್ಧಳಾಗಿ ಬಾಯಿ ತೆರೆದೆ. ಅಷ್ಟರಲ್ಲಿ ಸೋಫಾದ ಮೇಲಿದ್ದ ಅತ್ತೆ ಮೊಣಕಾಲು ಹಿಡಿದು ಎದ್ದು ಬಂದರು, ಮಂಕಿ ಟೋಪಿಯನ್ನಲ್ಲ, ಮೋಟಿನಿಂದ ನನ್ನ ಬೀಗದಕೈಯನ್ನು ತೆಗೆದುಕೊಂಡರು.

"ಅಪ್ಪನ ಸುದ್ದಿ ಆಮ್ಯಾಲೆ ಕೇಳ್ರಿ. ನಡೀರಿ, ಮೊದಲ ಅವರವ್ವನ್ನ ತೋರಸ್ತೀನಿ."

ಫಾರಮ್ಮು ಮನೆಯಿಂದ ಒಂದು ಗಂಟೆಯ ದಾರಿ, ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಮೇಜಿನ ಮೇಲೆ ತಟ್ಟೆಗಳನ್ನು ಹಾಕಿಯಾಗಿತ್ತು. ಅತ್ತೆ ಆಗಲೇ ಒಂದು ಕಾಲಿಗೆ ಚಪ್ಪಲಿ ಏರಿಸಿದ್ದರು. ನಾನು ಒಲೆ ಆರಿಸಿ ಕಾರು ತೆಗೆಯಲು ಹೋದೆ.